‘ಅಬವ್’, ‘ಓವರ್’ ಮತ್ತು ನಮ್ಮ ‘ಮೇಲೆ’

ಇಂಗ್ಲಿಷಿನ ‘ಅಬವ್’ ಮತ್ತು ‘ಓವರ್’ ಎಂಬ ಎರಡೂ ಪದಗಳಿಗೆ ‘ಮೇಲೆ’ ಎಂಬ ಒಂದೇ ಸಂವಾದಿ ಪದವನ್ನು ಬಳಸುವುದು ನಮ್ಮ ಅನುವಾದಗಳಲ್ಲಿ ಸಾಮಾನ್ಯ. ಇದರಿಂದ, ಇಂಗ್ಲಿಷಿನಲ್ಲಿರುವ ಅರ್ಥಭೇದ ಕನ್ನಡಕ್ಕೆ ಇಲ್ಲವೆಂಬ ಭಾವನೆ ಸುಲಭವಾಗಿ ಮೂಡುತ್ತದೆ. ಈ ಭಾವನೆ ಮರುಪರಿಶೀಲನೆಗೆ ಅರ್ಹವಾದುದು.

‘ಅಬವ್’ ಒಂದು ಮಟ್ಟವನ್ನು ಆಧಾರವಾಗಿಟ್ಟುಕೊಂಡು ಎತ್ತರವನ್ನು ಸೂಚಿಸುತ್ತದೆ. ಸಮುದ್ರಮಟ್ಟ, ಉಷ್ಣಮಾಪಕದ ಸೊನ್ನೆ, ಅಧಿಕಾರದ ಶ್ರೇಣಿ ಇವುಗಳೊಡನೆ ಅದು ಸಹಜವಾಗಿ ಬರುತ್ತದೆ. ‘ಓವರ್’ನ ವ್ಯಾಪ್ತಿ ಹಿರಿದು: ದಾಟುವುದು, ಆವರಿಸುವುದು, ಹತೋಟಿಯಲ್ಲಿಡುವುದು, ಪ್ರಮಾಣವನ್ನು ಮೀರುವುದು ಇವೆಲ್ಲವೂ ಅದರೊಳಗೆ ಸೇರುತ್ತವೆ. ಕ್ಲಾಡಿಯಾ ಬ್ರಗ್‌ಮನ್ ಅವರ ಅಧ್ಯಯನವನ್ನು ಆಧರಿಸಿ ಜಾರ್ಜ್ ಲೇಕಾಫ್ ಅವರು 1987ರಲ್ಲಿ ಈ ಅರ್ಥಗಳನ್ನು ಪರಸ್ಪರ ಹೆಣೆದುಕೊಂಡ ಒಂದು ಜಾಲವೆಂದು ವಿವರಿಸಿದರು.

ಕನ್ನಡವು ಇದೇ ಭೇದವನ್ನು ವಿಭಕ್ತಿಯಲ್ಲಿಯೂ ಕ್ರಿಯಾಪದದಲ್ಲಿಯೂ ಇರಿಸಿಕೊಂಡಿದೆ. ‘ಬೆಟ್ಟದ ಮೇಲೆ ಗುಡಿಯಿದೆ’ ಎಂಬಲ್ಲಿ ಷಷ್ಠಿಯೊಡನೆ ಸ್ಪರ್ಶದ ಅರ್ಥವಿದೆ. ‘ಬೆಟ್ಟಕ್ಕಿಂತ ಮೇಲೆ’ ಎಂದೊಡನೆ ಅದು ಮಟ್ಟದ ಹೋಲಿಕೆಯಾಗುತ್ತದೆ, ಇದು ‘ಅಬವ್’. ‘ಹಕ್ಕಿ ಬೆಟ್ಟದ ಮೇಲೆ ಹಾದುಹೋಯಿತು’ ಎಂಬಲ್ಲಿ ‘ಓವರ್’ನ ಅರ್ಥವನ್ನು ಹೊರುವುದು ‘ಹಾದುಹೋಗು’ ಎಂಬ ಕ್ರಿಯೆ. ‘ಊಟವಾದ ಮೇಲೆ’ ಎಂಬ ನಮ್ಮ ಕಾಲಸೂಚಕ ಪ್ರಯೋಗಕ್ಕಂತೂ ಆ ಎರಡು ಪದಗಳಲ್ಲಿ ಯಾವುದೂ ಸಂವಾದಿಯಲ್ಲ.

ಈ ವ್ಯವಸ್ಥೆಯನ್ನು ಗಮನಿಸದ ಅನುವಾದದಲ್ಲಿ ‘ನಾಡಿನ ಮೇಲೆ ಆಳಿದನು’ ಎಂಬಂತಹ ವಾಕ್ಯಗಳು ಹುಟ್ಟುತ್ತವೆ. ಕನ್ನಡದಲ್ಲಿ ಅರಸನು ನಾಡನ್ನು ಆಳುತ್ತಾನೆ. ಕಾನೂನಿನ ಭಾಷೆಯಲ್ಲಿ ಪರಿಣಾಮ ಇನ್ನೂ ಗಂಭೀರ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕೆ ಸಂಬಂಧಿಸಿದ 2007ರ ಅಧಿನಿಯಮದ ಪ್ರಕಾರ, 60 ವರ್ಷ ತುಂಬಿದ ಭಾರತೀಯ ಪ್ರಜೆಯೂ ಹಿರಿಯ ನಾಗರಿಕರೇ. ‘60 ವರ್ಷ ಮೇಲ್ಪಟ್ಟವರು’ ಎಂದಷ್ಟೇ ಬರೆದರೆ, ಅರವತ್ತು ತುಂಬಿದ ದಿನ ಅರ್ಜಿ ಹಿಡಿದು ನಿಂತವರು ಒಳಗೋ ಹೊರಗೋ ಎಂಬುದು ಓದುವವರ ಮರ್ಜಿಗೆ ಉಳಿಯುತ್ತದೆ. ‘60 ವರ್ಷ ತುಂಬಿದವರು’ ಎಂದರೆ ಸಂದೇಹಕ್ಕೆ ಎಡೆಯಿಲ್ಲ.

ಆದುದರಿಂದ ದ್ವಿಭಾಷಾ ನಿಘಂಟುಗಳು ಇಂತಹ ಪದಗಳಿಗೆ ಕೇವಲ ಪರ್ಯಾಯಪದಗಳ ಪಟ್ಟಿ ಕೊಟ್ಟರೆ ಸಾಲದು; ಯಾವ ವಿಭಕ್ತಿಯೊಡನೆ, ಯಾವ ಕ್ರಿಯೆಯೊಡನೆ ಯಾವ ಅರ್ಥ ಸಿದ್ಧಿಸುತ್ತದೆ ಎಂಬುದನ್ನು ವಾಕ್ಯಸಹಿತ ತೋರಿಸಬೇಕು. ಸ್ನಾತಕೋತ್ತರ ತರಗತಿಗಳ ಅನುವಾದ ಪತ್ರಿಕೆಯಲ್ಲಿಯೂ ಇಂತಹ ಚಿಕ್ಕ ಪದಗಳಿಗೆ ಸ್ಥಾನ ದೊರೆಯಬೇಕು. ಕನ್ನಡದ ವ್ಯಾಕರಣವನ್ನು ಕನ್ನಡದ ಪ್ರಯೋಗಗಳಿಂದಲೇ ಅರಿಯುವ ಕೆಲಸಕ್ಕೆ ‘ಮೇಲೆ’ ಒಂದು ಒಳ್ಳೆಯ ಆರಂಭವಾಗಬಲ್ಲದು.