ಹುಷಾರಾಗಿರಬೇಕಾದವರು ಯಾರು?



ಕೆಲಸಕ್ಕೆ ಹೊರಟ ಹೆಣ್ಣುಮಗಳಿಗೆ ನಾವು ಹೇಳುವ ಮಾತು ಒಂದೇ: "ಹುಷಾರಾಗಿರವ್ವಾ." ಸೊಲ್ಲಾಪುರದ ಟವೆಲ್ ಕಾರ್ಖಾನೆಗೆ ಹೋಗುವವಳಿಗೂ ಅದೇ, ಅಕ್ಕಲಕೋಟದ ಬಟ್ಟೆ ಅಂಗಡಿಗೆ ಹೋಗುವವಳಿಗೂ ಅದೇ. ಅಲ್ಲಿನ ಮ್ಯಾನೇಜರನಿಗೆ, ಮುಕಾದಮನಿಗೆ ಈ ಮಾತನ್ನು ಯಾರು ಹೇಳುತ್ತಾರೆ?

ಸೊಲ್ಲಾಪುರದಲ್ಲಿ ಸಾವಿರಾರು ಹೆಂಗಸರು ಮನೆಯಲ್ಲಿ ಬೀಡಿ ಕಟ್ಟಿ ಕಂಪನಿಗೆ ಒಯ್ದು ಕೊಡುತ್ತಾರೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಯಾವ ಬೀಡಿ ಸರಿ, ಯಾವುದು ಸರಿಯಿಲ್ಲ ಎಂದು ತೀರ್ಮಾನಿಸುವುದು ಅಲ್ಲಿ ಕುಳಿತು ತಪಾಸಣೆ ಮಾಡುವವನು. ಅಂಥವನೇ ಕೊಂಕು ಮಾತಾಡಿದರೆ, ಮೈ ಮುಟ್ಟಿದರೆ, ಆಕೆ ಎಷ್ಟು ಹುಷಾರಾಗಿದ್ದು ಏನು ಪ್ರಯೋಜನ? ಸಂಜೆ ಮನೆಯಲ್ಲಿ ಒಲೆ ಉರಿಯುವುದು ಅವನ ಕೈಯಲ್ಲಿದೆ.

ಆದ್ದರಿಂದಲೇ 1997ರ ವಿಶಾಖಾ ತೀರ್ಪು ಮತ್ತು 2013ರ ಕಾಯ್ದೆ, ಲೈಂಗಿಕ ಕಿರುಕುಳ ತಡೆಯುವ ಹೊಣೆಯನ್ನು ಕೆಲಸ ಕೊಡುವವನ ಮೇಲೆ ಹೊರಿಸಿವೆ. 10 ಅಥವಾ ಹೆಚ್ಚು ನೌಕರರಿದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳಾ ನೌಕರರೇ ಅಧ್ಯಕ್ಷರು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ.

"ನಮ್ಮ ಅಂಗಡಿಯಲ್ಲಿ ನಾಲ್ಕೇ ಜನ" ಎಂದು ಕೆಲವರು ನುಣುಚಿಕೊಳ್ಳುತ್ತಾರೆ. ನಾಲ್ವರಿದ್ದರೂ, ದೂರು ಮಾಲೀಕನ ಮೇಲೆಯೇ ಇದ್ದರೂ, ಜಿಲ್ಲೆಯ ಸ್ಥಳೀಯ ಸಮಿತಿ ಅದನ್ನು ಕೇಳಬೇಕು. ಅಕ್ಕಲಕೋಟದಂಥ ತಾಲೂಕಿನಲ್ಲಿ ದೂರು ಪಡೆಯಲು ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕು. ದೂರು ಕೊಡಲು 3 ತಿಂಗಳ ಅವಧಿ ಇದೆ.

"ನಮ್ಮಲ್ಲಿ ಯಾರೂ ದೂರು ಕೊಟ್ಟಿಲ್ಲ" ಎಂದು ಇನ್ನು ಕೆಲವರು ಬೀಗುತ್ತಾರೆ. ದೂರು ಇಲ್ಲದಿರುವುದು ಒಳ್ಳೆಯತನಕ್ಕೆ ಸಾಕ್ಷಿಯಲ್ಲ. ಎಷ್ಟೋ ಕಡೆ ಅದು ಭಯದ ಸಾಕ್ಷಿ.

ಬೋವಜನನ್ನು ನೆನೆಯಿರಿ. ಅವನ ಹೊಲಕ್ಕೆ ಹಕ್ಕಲಾಯಲು ಬಂದ ರೂತಳು ವಿಧವೆ, ಬಡವಿ, ಮೇಲಾಗಿ ಪರದೇಶಿ. ಆಕೆ ದೂರು ಹೇಳುವ ತನಕ ಅವನು ಕಾಯಲಿಲ್ಲ. ಆಕೆಯನ್ನು ಮುಟ್ಟಬಾರದು, ಅವಮಾನಿಸಬಾರದು ಎಂದು ತನ್ನ ಆಳುಗಳಿಗೆ ಮೊದಲೇ ಅಪ್ಪಣೆ ಕೊಟ್ಟ. ಒಳ್ಳೆಯ ಯಜಮಾನನ ಲಕ್ಷಣ ಇದೇ.

ನಮ್ಮಲ್ಲೇ ಹಲವರು ನಾಳೆ ಸೂಪರ್‌ವೈಸರ್ ಆಗುವವರು, ಅಂಗಡಿ ನಡೆಸುವವರು. ಮೊದಲ ದಿನವೇ ಸಮಿತಿಯ ವಿವರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚೋಣ. ಅಸಹ್ಯ ಜೋಕಿಗೆ, ಜಾತಿ ಎತ್ತಿ ಆಡುವ ಮಾತಿಗೆ ನಗದೆ ಅಲ್ಲೇ ತಡೆಯೋಣ. ನೊಂದವಳು ಬಂದರೆ "ಹೋಗಲಿ ಬಿಡವ್ವಾ, ಹೊಂದಿಕೊಂಡು ಹೋಗು" ಎನ್ನದೆ, ದೂರು ಬರೆಯಲು ನೆರವಾಗೋಣ. ಇಷ್ಟು ಮಾಡಲಾಗದವನು ಮ್ಯಾನೇಜರನ ಕುರ್ಚಿಯಲ್ಲಿ ಕೂರುವುದು ಬೇಡ.