ಬಳ್ಳಿಗಾವಿಯಲ್ಲಿ ಒಂದು ಹಗಲು

ಮರುಭೂಮಿಯನ್ನು ಕಂಡು ಬಂದವರು ಮರಳಿನಲ್ಲಿ ಹೂತುಹೋದ ನಗರಗಳ ವಿಷಯ ಹೇಳುವುದುಂಟು. ನಮ್ಮ ಬನವಾಸಿ ನಾಡಿನಲ್ಲಿ ನಗರವೊಂದು ಹೂತಿರುವುದು ಹಸಿರಿನಡಿಯಲ್ಲಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸುಮಾರು 20 ಕಿ.ಮೀ. ಸಾಗಿದರೆ ಗದ್ದೆ ತೋಟಗಳ ನಡುವೆ ಬಳ್ಳಿಗಾವಿ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ, ಈಗ ಹಳ್ಳಿ.

ಉಡುತಡಿಯಲ್ಲಿ ಅಕ್ಕನ ದರ್ಶನ ಮಾಡಿ ಬರುವ ಕುಟುಂಬಗಳು ಇಲ್ಲಿ ಅರ್ಧ ಗಂಟೆ ನಿಂತು, ಗಂಡಭೇರುಂಡ ಸ್ತಂಭದೆದುರು ಭಾವಚಿತ್ರ ತೆಗೆಸಿಕೊಂಡು ಹೊರಟುಬಿಡುವುದನ್ನು ನಾವು ಕಂಡಿದ್ದೇವೆ. 1047ರ ಆ ಸ್ತಂಭ ನೋಡತಕ್ಕದ್ದೇ. ಆದರೆ ಇದು ಅಲ್ಲಮಪ್ರಭುವಿನ ಊರು. ಒಂದು ಹಗಲನ್ನಾದರೂ ಇದಕ್ಕೆ ಮೀಸಲಿಡಬೇಡವೇ?

ಹರಿಹರನ ರಗಳೆಯಲ್ಲಿ ಅಲ್ಲಮ ಇಲ್ಲಿಯ ಮದ್ದಳೆಗಾರ. ಮೆಚ್ಚಿದ ಕಾಮಲತೆ ತೀರಿಕೊಂಡಾಗ ಮರುಳನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದಕುವಾಗ ಹೊನ್ನ ಕಳಸ ಕಾಣುತ್ತದೆ. ಅಗೆಸಿದರೆ ಗುಡಿ, ಒಳಗೆ ಲಿಂಗವನ್ನು ಕರದಲ್ಲಿ ಹಿಡಿದ ಅನಿಮಿಷ. ಕವಿಕಲ್ಪನೆಯೆನ್ನುವವರು ಈ ಊರಲ್ಲೊಮ್ಮೆ ನಡೆದಾಡಲಿ. ಹೊಲದ ಬದುವಿನಲ್ಲೂ ಹಳೆಯ ಕಲ್ಲು ಎದುರಾಗುವ ನೆಲವಿದು.

ತ್ರಿಪುರಾಂತಕ ಗುಡಿಯ ಜಾಲಂಧ್ರಗಳು ಸೊಗಸಾಗಿವೆ. ಅಲ್ಲಿಂದ ಕೇದಾರೇಶ್ವರಕ್ಕೆ ಬರಬೇಕು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಇಲ್ಲಿಯ ಮಠಕ್ಕೆ ಕೋಡಿಮಠವೆಂದು ಹೆಸರು. ಬಿಜ್ಜಳನ ಕಾಲದ 1162ರ ಶಾಸನ ಆ ಮಠವನ್ನು ಬಣ್ಣಿಸುತ್ತದೆ: ನಾಲ್ಕು ವೇದ, ಹಲವು ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರಗಳನ್ನು ಓದಿಸುವ ಸ್ಥಾನ, ದೀನರು, ಕುಂಟರು, ಕುರುಡರು, ಕಿವುಡರು, ಹಾಡುವವರು, ನುಡಿಸುವವರಿಗೆಲ್ಲ ನಿತ್ಯ ಅನ್ನವಿಡುವ ಸ್ಥಾನ, ಅನಾಥ ರೋಗಿಗಳಿಗೆ ಮದ್ದು ಮಾಡುವ ಸ್ಥಾನ. ಜೈನ, ಬೌದ್ಧ ಭಿಕ್ಷುಗಳಿಗೂ ಅಲ್ಲಿ ಅನ್ನವುಂಟು. ಗುಡಿಯ ಶಿಲ್ಪ ನೋಡಿದ ಮಕ್ಕಳಿಗೆ ಈ ಶಾಸನದ ತಾತ್ಪರ್ಯವನ್ನೂ ಹಿರಿಯರು ಹೇಳಲಿ. ಶಿಲ್ಪಕ್ಕಿಂತ ಇದು ಮಿಗಿಲೆಂದೇ ನಮ್ಮ ಎಣಿಕೆ.

“ಅದು ಕಾಳಾಮುಖರ ಮಠ, ನಮಗೇಕೆ?” ಎಂದು ಕೆಲವು ಭಕ್ತರು ಕೇಳುತ್ತಾರೆ. ಅದನ್ನು ಹೊರಗಿಟ್ಟರೆ ಬಸವಣ್ಣನವರ ಹಿರಿಮೆ ಹೆಚ್ಚುತ್ತದೆಂಬ ಭಾವನೆ ನಮಗೆ ಒಪ್ಪಿಗೆಯಿಲ್ಲ. ಕೋಡಿಮಠದ ಅನ್ನ ಅರಸರು ಬಿಟ್ಟ ದತ್ತಿಯಿಂದ ನಡೆಯಿತು. ಬಸವಣ್ಣನವರು ಅದೇ ಕಾಲದಲ್ಲಿ ದಾಸೋಹವನ್ನು ಅರಸನ ಭಂಡಾರದಿಂದ ಕಾಯಕದವರ ಒಲೆಯ ಬಳಿಗೆ ತಂದರು. ಮೊದಲಿನದನ್ನು ಕಾಣದವರಿಗೆ ಎರಡನೆಯದರ ಅಳತೆ ಸಿಕ್ಕದು.

ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಿ. ಕೆರೆಯ ಏರಿಯ ಮೇಲೆ ಕುಳಿತು ಉಣ್ಣಬಹುದು.