ಚಕ್ಕೋತದ ತೊಳೆ ಮತ್ತು ರಾತ್ರಿಯ ಮಾತ್ರೆ



ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಿ ಎಂದು ನಿಮಗೆ ಹೇಳುತ್ತಿದ್ದ ನಾನೇ ಕಳೆದ ವರ್ಷ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ.

ಕೊಲೆಸ್ಟರಾಲ್ ತಗ್ಗಿಸಲು ಅಟೋರ್ವಾಸ್ಟ್ಯಾಟಿನ್ ಮಾತ್ರೆ ಸೇವಿಸುತ್ತಿದ್ದೇನೆ. ತೊಡೆಗಳಲ್ಲಿ ನೋವು ಕಾಣಿಸಿಕೊಂಡಾಗ ವೈದ್ಯರು, "ಮೇಷ್ಟ್ರೇ, ಇದರ ಜೊತೆಗೆ ಬೇರೇನಾದರೂ ತೆಗೆದುಕೊಳ್ಳುತ್ತೀರಾ?" ಎಂದರು. "ಏನೂ ಇಲ್ಲ" ಎಂದೆ. ಮುಂದಿನ ಭೇಟಿಯಲ್ಲಿ ನನ್ನಾಕೆ ಚೀಲದಿಂದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ವಿದೇಶದಲ್ಲಿರುವ ಶಿಷ್ಯನೊಬ್ಬ ಪ್ರೀತಿಯಿಂದ ತಂದಿದ್ದ ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆಗಳು ಅವು. 'ನೈಸರ್ಗಿಕ' ಎಂದು ಬರೆದಿದ್ದರಿಂದ ನಾನದನ್ನು ಔಷಧವೆಂದು ಎಣಿಸಿಯೇ ಇರಲಿಲ್ಲ.

ಆ ಅಕ್ಕಿಯಲ್ಲಿರುವ ಮೊನಾಕೊಲಿನ್-ಕೆ ಎಂಬ ವಸ್ತುವೂ ಲೋವಾಸ್ಟ್ಯಾಟಿನ್ ಎಂಬ ಔಷಧವೂ ರಾಸಾಯನಿಕವಾಗಿ ಒಂದೇ. ಅಂದರೆ ಒಂದೇ ಬಗೆಯ ಎರಡು ಔಷಧಗಳನ್ನು ನಾನು ಒಟ್ಟಿಗೆ ನುಂಗುತ್ತಿದ್ದೆ. ಇದರಿಂದ ಸ್ನಾಯುಗಳಿಗೂ ಯಕೃತ್ತಿಗೂ ಹಾನಿಯಾಗುವ ಸಂಭವ ಹೆಚ್ಚುತ್ತದೆ. ಗುಳಿಗೆ ನಿಲ್ಲಿಸಿದ ಮೇಲೆ ನೋವು ಕ್ರಮೇಣ ತಗ್ಗಿತು.

ಅನಂತರ ವೈದ್ಯರು ಹಣ್ಣುಗಳ ಬಗ್ಗೆಯೂ ವಿಚಾರಿಸಿದರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ದೇವನಹಳ್ಳಿಯ ಚಕ್ಕೋತದ ಹೆಸರನ್ನು ಹೆಮ್ಮೆಯಿಂದಲೇ ಹೇಳಿದೆ. ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ ಗ್ರೇಪ್‌ಫ್ರೂಟ್ ಹಣ್ಣು, ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತದೆ. ಆಗ ಅಷ್ಟೇ ಮಾತ್ರೆಯಿಂದ ಹೆಚ್ಚು ಔಷಧ ರಕ್ತಕ್ಕೆ ಸೇರುತ್ತದೆ. ಅಂಥದೇ ಸಂಯುಕ್ತಗಳು ಚಕ್ಕೋತದಲ್ಲಿಯೂ ಇವೆ. ಸಿಮ್ವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್‌ಗಳ ಮೇಲೆ ಇದರ ಪ್ರಭಾವ ಹೆಚ್ಚು, ಅಟೋರ್ವಾಸ್ಟ್ಯಾಟಿನ್ ಮೇಲೆ ಕಡಿಮೆ. ರೋಸುವಾಸ್ಟ್ಯಾಟಿನ್‌ಗೆ ಈ ತೊಡಕು ಇಲ್ಲವೆನ್ನಬಹುದು. ಆದ್ದರಿಂದ ಮಾತ್ರೆಯ ಹೆಸರನ್ನು ತಿಳಿದು ವೈದ್ಯರನ್ನು ಕೇಳಬೇಕು.

ಪೂರಕಗಳೆಲ್ಲ ಕೆಟ್ಟವೆಂದು ನನ್ನ ಅಭಿಪ್ರಾಯವಲ್ಲ. ಇಸಬ್‌ಗೋಲಿನ ನಾರು ಕೆಟ್ಟ ಕೊಲೆಸ್ಟರಾಲನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಮಾತ್ರೆಗೂ ಅದಕ್ಕೂ ಎರಡು ಗಂಟೆಗಳ ಅಂತರವಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಬೆಳ್ಳುಳ್ಳಿ ಗುಳಿಗೆ, ಮೀನೆಣ್ಣೆಗಳನ್ನು ಕೇಳದೆ ಸೇರಿಸಬಾರದು. ಹಾಗೆಯೇ, ನೋವು ಬಂತೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ನೋವಿನೊಡನೆ ಮೂತ್ರದ ಬಣ್ಣ ಕಪ್ಪಾಗಿ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪರ ಊರುಗಳಲ್ಲಿರುವ ಮಕ್ಕಳೇ, ಊರಿಗೆ ಬರುವಾಗ ಹಿರಿಯರಿಗೆ ಡಬ್ಬಿಗಳನ್ನು ತರಬೇಡಿ. ಬಂದ ದಿನ ಅವರ ಪಕ್ಕದಲ್ಲಿ ಕುಳಿತು, ಅವರು ಸೇವಿಸುವ ಮಾತ್ರೆ, ಕಷಾಯ, ಪುಡಿಗಳೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಆ ಹಾಳೆ ವೈದ್ಯರ ಕೈ ಸೇರಲಿ. ನಿಮ್ಮ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.